ಬೀದಿಯ ಕಣ್ಣು

ನಗರ ನಿರ್ಮಾಣವನ್ನು ಕುರಿತ ಗ್ರಂಥಗಳಿಗೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೆ. ಆದರೆ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಎಂಬ ಕೃತಿಯನ್ನು ಓದಿದವರು ಹಾಗೆ ಕೇಳಲಾರರು. ಆಕೆಗೆ ವಾಸ್ತುಶಿಲ್ಪದ ಪದವಿಯಿರಲಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುತ್ತ, ನ್ಯೂಯಾರ್ಕಿನ ಹಡ್ಸನ್ ಬೀದಿಯ ತಮ್ಮ ಮನೆಯ ಕಿಟಕಿಯಿಂದ ಕಂಡದ್ದನ್ನು ಕಂಡಂತೆ ಬರೆದರು. ಹಾಗೆ ಬರೆಯುವುದು ಎಷ್ಟು ದುರ್ಲಭವೆಂಬುದು ನಮ್ಮ ಕಾದಂಬರಿಗಳನ್ನು ಓದುವವರಿಗೆ ತಿಳಿದೇ ಇದೆ.

ಬೀದಿಯ ಶಾಂತಿಯನ್ನು ಕಾಯುವವರು ಮುಖ್ಯವಾಗಿ ಪೋಲೀಸರಲ್ಲ, ಬೀದಿಯಲ್ಲಿ ಬಾಳುವ ಜನ ಎಂಬುದು ಆಕೆಯ ವಾದ. ಮನೆ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಮೊದಲಾಯಿತು ಎಂಬುದು ಸ್ಪಷ್ಟವಿರಬೇಕು. ಕಟ್ಟಡಗಳು ಬೀದಿಗೆ ಬೆನ್ನು ತಿರುಗಿಸದೆ ಮುಖ ಮಾಡಿರಬೇಕು. ಕಾಲುದಾರಿಯಲ್ಲಿ ಹೊತ್ತು ಮೀರಿದ ಮೇಲೂ ಜನ ಓಡಾಡುತ್ತಿರಬೇಕು. ಬರಿಯ ದೀಪದ ಕಂಬಗಳಿಂದ ಪ್ರಯೋಜನವಿಲ್ಲ. ನೋಡುವ ಕಣ್ಣಿಲ್ಲದ ಕಡೆ ಬೆಳಕಿದ್ದೂ ಇಲ್ಲದಂತೆಯೆ.

ಇದನ್ನು ತೋರಿಸಲು ಆಕೆ ಹೇಳುವ ಒಂದು ಪ್ರಸಂಗವನ್ನು ಸಣ್ಣಕಥೆಯೆಂದೇ ಓದಬಹುದು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಒಬ್ಬ ಗಂಡಸು ತನ್ನೊಡನೆ ಬರುವಂತೆ ಬಲವಂತ ಮಾಡುತ್ತಿದ್ದಾನೆ. ಹುಡುಗಿ ಗೋಡೆಗೆ ಒರಗಿ ಸೆಟೆದು ನಿಂತಿದ್ದಾಳೆ. ಕೆಳಗಿಳಿದು ಹೋಗಲೇ ಎಂದು ಲೇಖಕಿ ಯೋಚಿಸುವಷ್ಟರಲ್ಲಿ ಮಾಂಸದಂಗಡಿಯ ಹೆಂಗಸು ಕೈಕಟ್ಟಿಕೊಂಡು ಬಂದು ನಿಲ್ಲುತ್ತಾಳೆ. ಬಾರಿನಿಂದ ಇಬ್ಬರು ಬಾಗಿಲಿಗೆ ಬರುತ್ತಾರೆ. ಬೀಗದಂಗಡಿಯವನು, ಹಣ್ಣಿನವನು, ಲಾಂಡ್ರಿಯವನು ಒಬ್ಬೊಬ್ಬರಾಗಿ ಹೊರಗೆ ಕಾಣಿಸಿಕೊಳ್ಳುತ್ತಾರೆ. ಮೇಲಿನ ಕಿಟಕಿಗಳಲ್ಲಿ ತಲೆಗಳು. ಆ ಮನುಷ್ಯನಿಗೇ ಅರಿವಿಲ್ಲದೆ ಅವನ ಸುತ್ತ ಕೋಟೆ ಕಟ್ಟಿದಂತಾಗಿದೆ. ಕೊನೆಗೆ ನೋಡಿದರೆ ಹುಡುಗಿ ಅವನ ಮಗಳೇ! ಕಥೆಯ ಸ್ವಾರಸ್ಯ ಕೆಟ್ಟೀತೆಂದು ಈ ಮಾತನ್ನು ಆಕೆ ಮುಚ್ಚಿಡಲಿಲ್ಲ. ಇಂಥ ಪ್ರಾಮಾಣಿಕತೆಯೇ ಗ್ರಂಥದ ಬಲ.

ಆಸ್ಕರ್ ನ್ಯೂಮನ್ ಅವರ ‘ಡಿಫೆನ್ಸಿಬಲ್ ಸ್ಪೇಸ್’ ಬಂದದ್ದು 1972ರಲ್ಲಿ. ಬ್ರೂಕ್ಲಿನ್ನಿನಲ್ಲಿ ಎದುರುಬದುರಾಗಿದ್ದ ಎರಡು ವಸತಿಗಳನ್ನು ಅವರು ಹೋಲಿಸಿದರು. ಬ್ರೌನ್ಸ್‌ವಿಲ್‌ನಲ್ಲಿ 3ರಿಂದ 6 ಅಂತಸ್ತಿನ ಕಟ್ಟಡಗಳು. ವ್ಯಾನ್ ಡೈಕ್‌ನಲ್ಲಿ ಬಹುಪಾಲು ಜನರಿದ್ದದ್ದು 13–14 ಅಂತಸ್ತಿನ ಕಟ್ಟಡಗಳಲ್ಲಿ. ಎರಡೂ ಕಡೆ ನಿವಾಸಿಗಳು ಹೆಚ್ಚುಕಡಮೆ ಒಂದೇ ಸ್ಥಿತಿಯವರು, ಆದರೂ ಅಪರಾಧ ಎರಡನೆಯದರಲ್ಲೇ ಹೆಚ್ಚು. ಸೇಂಟ್ ಲೂಯಿಸ್ ನಗರದ ಪ್ರೂಯಿಟ್–ಐಗೋ ವಸತಿಯಲ್ಲಿಯೂ ಅವರು ಇದನ್ನೇ ಕಂಡರು. 11 ಅಂತಸ್ತಿನ 33 ಕಟ್ಟಡಗಳು ಅಲ್ಲಿದ್ದವು. ಎರಡೇ ಮನೆಗಳು ಹಂಚಿಕೊಂಡ ಮೆಟ್ಟಿಲ ತಿರುವು ಚೊಕ್ಕಟವಾಗಿತ್ತು. 20 ಮನೆಗಳ ಓಣಿ ಗಲೀಜು. ಎಲ್ಲರದಾದ ಜಾಗ ಯಾರದೂ ಅಲ್ಲ ಎಂಬುದನ್ನು ಇಷ್ಟು ಮನದಟ್ಟಾಗುವಂತೆ ತೋರಿಸಿದವರು ವಿರಳ. ಗ್ರಂಥ ಹೊರಬಂದ ವರ್ಷವೇ ಆ ಕಟ್ಟಡಗಳನ್ನು ಕೆಡಹಲು ಮೊದಲಿಟ್ಟರು. ಆದರೆ ಬಡ ಬಾಡಿಗೆದಾರರ ಹಣದಿಂದಲೇ ಅಷ್ಟು ದೊಡ್ಡ ಕಟ್ಟಡಗಳ ದುರಸ್ತಿ ನಡೆಯಬೇಕಾಗಿತ್ತೆಂಬ ಸಂಗತಿಗೆ ಈ ವಾದದಲ್ಲಿ ಸಿಗಬೇಕಾದಷ್ಟು ತೂಕ ಸಿಕ್ಕಿಲ್ಲ. ಗೋಡೆಯ ಮೇಲೆ ಹೊರಿಸಿದ ಅಪರಾಧದಲ್ಲಿ ಬಡತನದ ಪಾಲೂ ಇದೆ.

ಈ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಈಗ ರೂಢಿಯಾಗಿದೆ. ನನಗಿದು ಸರಿತೋರುವುದಿಲ್ಲ. ಜೇಕಬ್ಸ್ ಅವರಿಗೆ ಅಪರಿಚಿತನು ಬೀದಿಯ ಸಂಪತ್ತು. ರಾತ್ರಿ ಬಾರಿಗೆ ಬಂದು ಹೋಗುವ ಪರಸ್ಥಳದವನೂ ಅವರ ಲೆಕ್ಕದಲ್ಲಿ ಕಾವಲುಗಾರನೆ. ನ್ಯೂಮನ್ ಅವರಿಗೆ ಅಪರಿಚಿತನೆಂದರೆ ಮೊದಲು ಶಂಕೆ. 1996ರ ಅವರ ಗ್ರಂಥದಲ್ಲಿ ಡೇಟನ್ ನಗರದ ಫೈವ್ ಓಕ್ಸ್ ಬಡಾವಣೆಯ ಬೀದಿಗಳಿಗೆ ಗೇಟು ಹಾಕಿ, ಅದನ್ನು ಸಣ್ಣ ಸಣ್ಣ ಕೇರಿಗಳಾಗಿ ಒಡೆದ ವೃತ್ತಾಂತವಿದೆ. ಅಪರಾಧ ಇಳಿಯಿತೆಂದು ಅಂಕಿಗಳನ್ನೂ ಕೊಟ್ಟಿದ್ದಾರೆ, ಇರಲಿ. ಕಾಂಪೌಂಡಿನೊಳಗಿನ ನೆಮ್ಮದಿಗೆ ಹೊರಗಿನ ಬೀದಿ ಏನು ತೆರಬೇಕಾಗುತ್ತದೆ? ಬೆಂಗಳೂರಿನ ಹೊರವಲಯದಲ್ಲಿ, ಎರಡು ಎತ್ತರದ ಗೋಡೆಗಳ ನಡುವಿನ ರಸ್ತೆಯಲ್ಲಿ ಕತ್ತಲಾದ ಮೇಲೆ ನಡೆದವರು ಇದಕ್ಕೆ ಉತ್ತರ ಹೇಳಬಲ್ಲರು. ಯಾರೂ ಮಲಗಬಾರದೆಂದು ಪಾರ್ಕಿನ ಬೆಂಚಿಗೆ ನಡುವೆ ಕಬ್ಬಿಣದ ಅಡ್ಡೆ ಬಡಿಯುವ ಬುದ್ಧಿಯೂ ಇದೇ ಮನೋಧರ್ಮದ ಕೂಸು.

ಹಾಗೆಂದು ಜೇಕಬ್ಸ್ ಅವರನ್ನು ಪೂರ್ತಿಯಾಗಿ ಒಪ್ಪಲು ನಾನು ಸಿದ್ಧನಿಲ್ಲ. ಬೀದಿಗೆ ಕಣ್ಣಿರಬೇಕು, ಸರಿ. ಆ ಕಣ್ಣು ಯಾರದು? ನಮ್ಮ ಊರುಗಳ ಜಗಲಿಗಿಂತ ದೊಡ್ಡ ಕಣ್ಣು ಬೇರೆ ಇಲ್ಲ. ಬೀದಿಯಲ್ಲಿ ಬಿದ್ದ ಮಗುವನ್ನು ಎತ್ತುವುದೂ ಆ ಜಗಲಿಯೆ, ಹೊಸಬನ ಜಾತಿ ಕೇಳುವುದೂ ಅದೇ, ಹೊತ್ತು ಮುಳುಗಿದ ಮೇಲೆ ಬಂದ ಹುಡುಗಿಯ ಹೆಜ್ಜೆ ಎಣಿಸುವುದೂ ಅದೇ. ನನ್ನ ವಿದ್ಯಾರ್ಥಿನಿಯರು ಗ್ರಂಥಾಲಯದಿಂದ ಬೇಗ ಏಳುವುದು ಕಳ್ಳರ ಭಯದಿಂದ ಮಾತ್ರವಲ್ಲ.

ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು 2011ರಲ್ಲಿ ಮುಂಬಯಿಯನ್ನು ಕುರಿತು ಬರೆದ ‘ವೈ ಲಾಯ್ಟರ್?’ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಹೆಣ್ಣು ಬೀದಿಗೆ ಬಂದರೆ ಕೈಯಲ್ಲೊಂದು ಕಾರಣ ಹಿಡಿದೇ ಬರಬೇಕೆಂಬ ಅಲಿಖಿತ ನಿಯಮವನ್ನು ಇವರು ಹಿಡಿದು ತೋರಿಸುತ್ತಾರೆ. ಸುಮ್ಮನೆ ನಿಲ್ಲುವ ಹಕ್ಕನ್ನೇ ಕೇಳುತ್ತಾರೆ. ಹೆಂಗಸರ ಸುರಕ್ಷಿತತೆಯ ನೆಪದಲ್ಲಿ ಬಡವರನ್ನೂ ಕೈಗಾಡಿಯವರನ್ನೂ ಓಡಿಸಕೂಡದೆಂಬ ನಿಲುವು ಇವರದು. ಬೀದಿಯನ್ನು ಬೆಳಗುವ ಕಣ್ಣುಗಳಲ್ಲಿ ಕೈಗಾಡಿಯವನದೂ ಒಂದು. ಬರವಣಿಗೆ ಕೆಲವೆಡೆ ಸಂಶೋಧನ ವರದಿಯಂತೆ ಒರಟು. ವಾದ ಮಾತ್ರ ಗಟ್ಟಿ. ಆದರೆ ಗ್ರಂಥ ಮಹಾನಗರದ ಎಲ್ಲೆ ದಾಟುವುದಿಲ್ಲ. ಹಾವೇರಿಯಂಥ ಊರಿನ ಬಸ್ ನಿಲ್ದಾಣದಲ್ಲಿ, ಸಂಜೆ ಏಳರ ಮೇಲೆ, ಬಸ್ಸಿಗೆ ಕಾಯದೆ, ಯಾರಿಗೂ ಕಾಯದೆ, ಒಬ್ಬ ಹೆಣ್ಣುಮಗಳು ಒಂದು ಲೋಟ ಚಹಾ ಹಿಡಿದು ಕೂರಬಹುದೆ ಎಂಬ ಅಧ್ಯಾಯವನ್ನು ಇನ್ನು ಯಾರಾದರೂ ಬರೆಯಬೇಕು.