ಮೂರು ಸಲ ದಾಟುವ ಸರೋವರ

ಅಕ್ಕನ ಮಗ ಮಂಚದ ತುಂಬ ಸಾಮಾನು ಹರಡಿಕೊಂಡು ಕೂತಿದ್ದ. ಸ್ವೀಡನ್ನಿಗೆ ಹೊರಟಿದ್ದಾನೆ. ಉತ್ತರದ ಆಬಿಸ್ಕೊದಿಂದ ಕುಂಗ್ಸ್‌ಲೇಡನ್ ಹಾದಿಯಲ್ಲಿ ಮೂರು ವಾರ ನಡಿಗೆ, ಆಮೇಲೆ ಎಲ್ಲಾದರೂ ‘ವಾಲಂಟಿಯರಿಂಗ್’. ಅಡುಗೆಮನೆಯ ತೂಕದ ಮೆಷಿನ್ ತಂದಿಟ್ಟುಕೊಂಡು ಒಂದೊಂದನ್ನೂ ಗ್ರಾಂ ಲೆಕ್ಕದಲ್ಲಿ ಬರೆಯುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ತುಂಡರಿಸಿಯಾಗಿತ್ತು. ಅವಲಕ್ಕಿ, ಪುಳಿಯೋಗರೆ ಗೊಜ್ಜು ಪಾಸಾಗಿದ್ದವು. ಅಕ್ಕ ಕೊಟ್ಟ ತುಪ್ಪದ ಡಬ್ಬಿ ಮಾತ್ರ ಫೇಲು. ಹಾಲಿನ ಪದಾರ್ಥವನ್ನು ಹೊರಗಿನವರು ಕೈಚೀಲದಲ್ಲಿ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ.

“ವಾಲಂಟಿಯರಿಂಗಿಗೆ ಏನು ತಗೊಂಡಿದ್ದೀಯೋ?” ಅಂದೆ.

“ಅದಕ್ಕೇನು ತಗೊಳ್ಳೋದು ಮಾವ, ಅಲ್ಲಿಗೆ ಹೋದ್ಮೇಲೆ ನೋಡ್ಕೊಂಡ್ರಾಯ್ತು.”

ನನ್ನ ತಕರಾರು ಈ ಉತ್ತರದ ಮೇಲೆ. ನಮ್ಮ ಹುಡುಗರ ತಯಾರಿಯಲ್ಲಿ ಅಚ್ಚುಕಟ್ಟಿಗೆ ಕೊರತೆಯಿಲ್ಲ. ಷೆಂಗೆನ್ ವೀಸಾಕ್ಕೆ 30,000 ಯೂರೋ ವಿಮೆ ಬೇಕು, ಗ್ಯಾಸ್ ಕ್ಯಾನಿಸ್ಟರನ್ನು ವಿಮಾನಕ್ಕೆ ಹತ್ತಿಸುವುದಿಲ್ಲ, ಜುಲೈಯಲ್ಲಿ ಸೊಳ್ಳೆ ಮುಖಕ್ಕೇ ಮುತ್ತುತ್ತದೆ: ಇವೆಲ್ಲ ಅವನಿಗೆ ಬಾಯಿಪಾಠ. ಆದರೆ ಪಟ್ಟಿಯ ಒಂದೊಂದು ಸಾಲೂ ತನ್ನ ಮೈಯನ್ನು ಕಾಪಾಡಿಕೊಳ್ಳುವುದಕ್ಕೇ ಇದೆ. ನಡಿಗೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಅಂತ ಅವನು ಎರಡು ಖಾತೆ ತೆರೆದಿದ್ದಾನೆ. ಆ ಹಾದಿಯಲ್ಲಿ ಅವೆರಡು ಬೇರೆಬೇರೆಯಾಗಿಲ್ಲ.

ಕುಂಗ್ಸ್‌ಲೇಡನ್ ಎಂದರೆ ರಾಜರ ಹಾದಿ. ಆಬಿಸ್ಕೊದಿಂದ ಹೇಮಾವಾನ್‌ವರೆಗೆ ಸುಮಾರು 440 ಕಿ.ಮೀ. ಇದನ್ನು ರೂಪಿಸಿದ್ದು 1885ರಲ್ಲಿ ಹುಟ್ಟಿದ ಸ್ವೀಡಿಷ್ ಪ್ರವಾಸಿ ಸಂಘ. ದಾರಿಯಲ್ಲಿ ಸರೋವರಗಳು ಅಡ್ಡ ಬರುತ್ತವೆ. ಕೆಲವು ಕಡೆ ಸೇತುವೆಯಿಲ್ಲ, ಹುಟ್ಟು ಹಾಕುವ ದೋಣಿಗಳಿವೆ. ಅಂಥ ಒಂದೊಂದು ಕಡೆಯೂ ಮೂರು ದೋಣಿ, ಒಂದೇ ನಿಯಮ: ಯಾವ ದಡವೂ ದೋಣಿಯಿಲ್ಲದೆ ಇರಕೂಡದು. ನೀವು ಬಂದಾಗ ಈಚೆ ದಡದಲ್ಲಿ ಎರಡು ದೋಣಿಯಿದ್ದರೆ ಪುಣ್ಯ, ಒಂದನ್ನು ತೆಗೆದುಕೊಂಡು ಹೋಗಬಹುದು. ಒಂದೇ ಇದ್ದರೆ ಅದರಲ್ಲಿ ಆಚೆ ಹೋಗಿ, ಅಲ್ಲಿನ ಒಂದು ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ವಾಪಸು ಬಂದು, ಅದನ್ನು ಈಚೆಗೆ ಬಿಟ್ಟು, ಮತ್ತೆ ದಾಟಬೇಕು. ಲೈತೌರೆ ಸರೋವರದ ಅಗಲ ಸುಮಾರು 3 ಕಿ.ಮೀ. ಅಂದರೆ ಒಂದು ದಡ ಸೇರಲು 9 ಕಿ.ಮೀ. ಹುಟ್ಟು! ನಿಮ್ಮ ಹಿಂದೆ ಬರುವವನು ಯಾರೋ, ಅವನ ಮುಖ ನೀವು ನೋಡುವುದೂ ಇಲ್ಲ. (ದುಡ್ಡು ಕೊಟ್ಟರೆ ಮೋಟಾರು ದೋಣಿಯೂ ಸಿಗುತ್ತದೆ, ಅದನ್ನು ಮುಚ್ಚಿಡುವುದು ಬೇಡ.)

ಸಂಘದ ಬೆಟ್ಟದ ಮನೆಗಳಲ್ಲೂ ಇದೇ ಲೆಕ್ಕ. ಕರೆಂಟಿಲ್ಲ, ನಲ್ಲಿಯಿಲ್ಲ. ದುಡ್ಡು ಕೊಟ್ಟು ಮಲಗಿದವನೇ ಸೌದೆ ಸೀಳಬೇಕು, ಹೊಳೆಯಿಂದ ಬಕೆಟ್ಟಿನಲ್ಲಿ ನೀರು ಹೊರಬೇಕು, ಮುಸುರೆ ನೀರನ್ನು ಗೊತ್ತಾದ ಜಾಗದಲ್ಲಿ ಸುರಿದು ಬರಬೇಕು. ಬೆಳಿಗ್ಗೆ ಹೊರಡುವ ಮುಂಚೆ ಗುಡಿಸಿ, ಮುಂದಿನವರಿಗೆ ಸೌದೆ ಪೆಟ್ಟಿಗೆ ತುಂಬಿಸಬೇಕು. ನೋಡಿಕೊಳ್ಳುವವರು ಒಬ್ಬರಿರುತ್ತಾರೆ. ಅವರನ್ನು ಹೋಟೆಲ್ ಮಾಣಿ ಅಂದುಕೊಂಡರೆ ಕೆಟ್ಟಿರಿ.

ನಮ್ಮಲ್ಲಿ ಕುಮಾರಪರ್ವತ ಹತ್ತುವವರು ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರು ಉಂಡು, ಉಸ್ಸಪ್ಪಾ ಎಂದು ಕಾಲು ಚಾಚುತ್ತಾರೆ. ಆ ಊಟದ ರುಚಿಯನ್ನು ನಾನೂ ಮರೆತಿಲ್ಲ. ಆದರೆ 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಅಲ್ಲಿಗೆ ಮುಗಿಬಿದ್ದು, ಅರಣ್ಯ ಇಲಾಖೆ ಚಾರಣಕ್ಕೆ ಕಡಿವಾಣ ಹಾಕಬೇಕಾಯಿತು. ಇಲಾಖೆಯ ಉಪಾಯ ಆನ್‌ಲೈನ್ ಟಿಕೆಟ್ಟು. ಟಿಕೆಟ್ಟು ತಲೆ ಎಣಿಸೀತು, ಕೈಗೆ ಕೆಲಸ ಕೊಡದು.

ಹಾಗಂತ ಸ್ವೀಡನ್ನಿನ ಹಾದಿಗೆ ನೂರಕ್ಕೆ ನೂರು ಅಂಕ ಕೊಡಲಾರೆ. ‘ರಾಜರ ಹಾದಿ’ ಎಂಬ ಹೆಸರಿನಲ್ಲೇ ಒಂದು ಮರೆವಿದೆ. ಆಲೆಸ್‌ಯೌರೆ, ತೆಯುಸಯೌರೆ, ಲೈತೌರೆ ಎಲ್ಲವೂ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯ ಹೆಸರುಗಳು. ಬಾಲದಲ್ಲಿರುವುದು ಸರೋವರ ಎಂಬ ಮಾತು. ಪ್ರವಾಸಿ ಚಿತ್ರಗಳು ‘ಯಾರೂ ಮುಟ್ಟದ ಕಾಡು’ ಎಂದು ಮಾರುವ ಜಾಗ ಹಿಮಸಾರಂಗ ಮೇಯಿಸುವ ಸಾಮಿ ಜನರ ದಿನನಿತ್ಯದ ದುಡಿಮೆಯ ಜಾಗ. 1996ರಲ್ಲಿ ಈ ಹಾದಿ ಹಾಯುವ ಲಪೋನಿಯಾ ಪ್ರದೇಶ ವಿಶ್ವಪರಂಪರೆಯ ಪಟ್ಟಿ ಸೇರಿದ್ದಕ್ಕೆ ಬೆಟ್ಟಗಳ ಚೆಲುವಿನ ಜತೆಗೆ ಅವರ ಬದುಕೂ ಕಾರಣ. ಎಲ್ಲರಿಗೂ ಕಾಡುಮೇಡಿನಲ್ಲಿ ನಡೆಯುವ ಹಕ್ಕು ಆ ದೇಶದಲ್ಲಿದೆ, 1994ರಿಂದ ಸಂವಿಧಾನದಲ್ಲೂ ಅದರ ಉಲ್ಲೇಖವಿದೆ. ಆದರೆ ಎದುರಿಗೆ ಹಿಂಡು ಬಂದಾಗ ಆ ಹಕ್ಕನ್ನು ಜೇಬಿಗಿಳಿಸಿ, ಅದು ದಾಟುವವರೆಗೆ ಅಲುಗದೆ ಕೂರಬೇಕು. ಅರ್ಧ ದಿನದ ಲೆಕ್ಕ ತಪ್ಪಿದರೂ ಸರಿ. ನಮ್ಮ ಹುಡುಗನ ದಿನಚರಿಯಲ್ಲಿ ಅಂಥದ್ದೊಂದು ಅರ್ಧ ದಿನ ಎಲ್ಲೂ ಕಾಣಲಿಲ್ಲ.

ಇಷ್ಟನ್ನೂ ಅವನಿಗೆ ಹೇಳಿದೆ. ಪಾಪ, ಕೇಳಿಸಿಕೊಂಡ. ಪಟ್ಟಿಯ ಕೆಳಗೆ ‘ಕೈಗವಸು’ ಎಂದು ಬರೆದು, ತೂಕ ಹಾಕಿದ. 60 ಗ್ರಾಂ.

“ಯಾವತ್ತಾದರೂ ಹುಟ್ಟು ಹಾಕಿದ್ದೀಯೇನೋ?” ಅಂದೆ.

“ಸ್ಕೂಲ್ ಟ್ರಿಪ್ಪಲ್ಲಿ ಪೆಡಲ್ ಬೋಟು ತುಳಿದಿದ್ದೆ ಮಾವ,” ಅಂದ. “ಹಂಸದ್ದು.”