ಬೆರಳಿನ ಅಳತೆಯ ಅಕ್ಷರ

ಓದುವ ಬೆರಳನ್ನು ಬ್ರೈಲ್‌ನಷ್ಟು ಚೆನ್ನಾಗಿ ಅರಿತ ಲಿಪಿ ಇನ್ನೊಂದಿಲ್ಲ. ಅದಕ್ಕೂ ಮೊದಲು ಚಾರ್ಲ್ಸ್ ಬಾರ್ಬಿಯೆ ರೂಪಿಸಿದ್ದ 12 ಉಬ್ಬುಚುಕ್ಕಿಗಳ ಬರಹ ಬೆರಳ ತುದಿಗೆ ಒಮ್ಮೆಲೇ ದಕ್ಕುತ್ತಿರಲಿಲ್ಲ. ಪ್ಯಾರಿಸ್ಸಿನ ಅಂಧರ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್, 1824ರಲ್ಲಿ, 15ರ ವಯಸ್ಸಿಗೇ, ಅದನ್ನು ಆರಕ್ಕಿಳಿಸಿದ. ಒಂದು ಸ್ಪರ್ಶಕ್ಕೆ ಒಂದಿಡೀ ಅಕ್ಷರ! ಆ ಆರರ 63 ಜೋಡಣೆಗಳಲ್ಲಿ ಅಕ್ಷರ, ಅಂಕಿ, ಸಂಗೀತದ ಸ್ವರಗಳೂ ಅಡಗಿದವು.

ಬ್ರೈಲ್ ಸ್ಲೇಟು ಎಂಬ ಚೌಕಟ್ಟು, ಸ್ಟೈಲಸ್ ಎಂಬ ಚುಚ್ಚುಕಡ್ಡಿ ಹಿಡಿದು ಬರೆಯುವ ಮಕ್ಕಳು ಬಲದಿಂದ ಎಡಕ್ಕೆ ಚುಚ್ಚುತ್ತಾರೆ; ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದುತ್ತಾರೆ. ಎಂಥ ಕೈಚಳಕ! ಭಾರತೀಯ ಭಾಷೆಗಳಿಗೆ ಹೊಂದಿಸಿದ ಭಾರತಿ ಬ್ರೈಲ್‌ನಲ್ಲಿ ಕನ್ನಡ, ಹಿಂದಿ, ತಮಿಳಿನ ಕಕಾರಕ್ಕೆ ಅವೇ ಚುಕ್ಕಿಗಳು: ಆರರಲ್ಲಿ ಒಂದನೆಯದು ಮತ್ತು ಮೂರನೆಯದು.

ಧ್ವನಿಪುಸ್ತಕ ಕಥೆ ಕೇಳಿಸುತ್ತದೆ. ಆದರೆ ಕಾಗುಣಿತ, ಒತ್ತಕ್ಷರ, ಲೆಕ್ಕದ ಹಂತಗಳನ್ನು ತಾನೇ ಓದಿ ತಿದ್ದುವ ಬಲ ಬರುವುದು ಬ್ರೈಲ್‌ನಿಂದ. ಪ್ರತಿ ಅಂಧ ಮಗುವಿನ ಕೈಗೂ ಅದು ಸೇರಲೇಬೇಕು.