ಬಲೂನಿನ ಮರೆಗೆ ಸರಿದ ಕುದುರೆ

ಫ್ರೆಂಚ್ ಚಿತ್ರನಿರ್ದೇಶಕ ಆಲ್ಬೆರ್ ಲಾಮೊರಿಸ್ ಎಂದರೆ 'ದಿ ರೆಡ್ ಬಲೂನ್' ಎಂಬಷ್ಟಕ್ಕೆ ಮಾತು ಮುಗಿದುಹೋಗುತ್ತದೆ. 34 ನಿಮಿಷದ ಆ ಚಿತ್ರಕ್ಕೆ 1956ರಲ್ಲಿ ಕಾನ್ ಉತ್ಸವದ ಪ್ರಶಸ್ತಿ ಬಂತು. ಮಾತು ಇಲ್ಲವೆನ್ನುವಷ್ಟು ಕಡಿಮೆಯಿದ್ದರೂ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ಮುಂದೆ ಬಹುಪಾಲು ನೆಲಸಮವಾದ ಪ್ಯಾರಿಸ್ಸಿನ ಮೆನಿಲ್‌ಮೊಂತಾ ಓಣಿಗಳನ್ನು ಅದು ಉಳಿಸಿಕೊಟ್ಟಿದೆ, ಒಪ್ಪೋಣ. ಆದರೆ ಹುಡುಗನ ಗೆಳೆಯನಾದ ಬಲೂನು ಸತ್ತ ಬೆನ್ನಿಗೇ ಊರಿನ ಬಲೂನುಗಳೆಲ್ಲ ಹಾರಿಬಂದು ಅವನನ್ನು ಎತ್ತಿಕೊಂಡು ಹೋಗುತ್ತವೆ. ಮಗುವಿಗೆ ಅಳುವುದಕ್ಕೂ ಪುರುಸೊತ್ತು ಕೊಡದ ಚಿತ್ರವನ್ನು ಮಕ್ಕಳ ಸಿನಿಮಾದ ಶಿಖರವೆಂದು ನಾನು ಒಪ್ಪಲಾರೆ. ಆ ಶಿಖರ 1953ರ 'ವೈಟ್ ಮೇನ್'.

ದಕ್ಷಿಣ ಫ್ರಾನ್ಸಿನ ಕಮಾರ್ಗ್ ಜೌಗುನಾಡು. ಮೀನುಗಾರರ ಹುಡುಗ ಫೋಲ್ಕೊ ಕಾಡುಕುದುರೆಗೆ ಹಗ್ಗ ಬೀಸುತ್ತಾನೆ. ಕುದುರೆ ಓಡುತ್ತದೆ, ಹುಡುಗ ಹಗ್ಗ ಬಿಡುವುದಿಲ್ಲ. ಹೊಟ್ಟೆಯಡಿಯಾಗಿ ಕೆಸರಲ್ಲಿ, ನೀರಲ್ಲಿ ಎಳೆದಾಡಿಸಿಕೊಂಡು ಹೋಗುತ್ತಾನೆ. ಸಾಕ್ಷ್ಯಚಿತ್ರದಲ್ಲಿ ಪಳಗಿದ ಲಾಮೊರಿಸ್‌ನ ಕಣ್ಣು ಇಲ್ಲಿ ಕೆಲಸ ಮಾಡುತ್ತದೆ: ಕೆಸರು ಕೆಸರೇ, ಭಾರ ಭಾರವೇ. ಕೊನೆಗೆ ಕುದುರೆ ದಣಿದು ನಿಂತು, ತಿರುಗಿ ನೋಡುತ್ತದೆ.

ಇಲ್ಲೇ ಸಿನಿಮಾ ವಿಮರ್ಶಕ ಆಂದ್ರೆ ಬಜಾನ್ ತಕರಾರು ತೆಗೆದದ್ದು. ಹುಡುಗನ ಬದಲಿಗೆ ಸ್ವತಃ ಲಾಮೊರಿಸ್ ಕೆಸರಿನಲ್ಲಿ ಎಳೆಸಿಕೊಂಡದ್ದಕ್ಕಾಗಲಿ, ಒಂದೇ ಕುದುರೆಯ ಪಾತ್ರಕ್ಕೆ ಹಲವು ಕುದುರೆಗಳನ್ನು ಬಳಸಿದ್ದಕ್ಕಾಗಲಿ ಅವರ ಆಕ್ಷೇಪವಿಲ್ಲ. ಕುದುರೆ ನಿಂತಾಗ ಅದನ್ನೂ ಹುಡುಗನನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಲಿಲ್ಲ ಎಂಬುದು ಅವರ ಕೊರಗು. ಬಜಾನ್ ದೊಡ್ಡ ವಿಮರ್ಶಕರು. ಇಲ್ಲಿ ಮಾತ್ರ ಒಂದೇ ಚೌಕಟ್ಟಿನ ಸಿದ್ಧಾಂತ ಅವರ ಕಣ್ಣಿಗೆ ಅಡ್ಡ ಬಂದಿದೆ. ಆ ಗಳಿಗೆಯಲ್ಲಿ ಇಬ್ಬರೂ ಇನ್ನೂ ಜೊತೆಯಾಗಿಲ್ಲ. ಒಬ್ಬ ಸೋಲಲೊಪ್ಪದೆ ಬಿದ್ದಿದ್ದಾನೆ, ಇನ್ನೊಬ್ಬ ನಂಬಬೇಕೋ ಬೇಡವೋ ಎಂದು ನೋಡುತ್ತಿದ್ದಾನೆ. ಕುದುರೆಯ ಶಾಟ್‌ಗೂ ಹುಡುಗನ ಶಾಟ್‌ಗೂ ನಡುವೆ ಬೀಳುವ ಕತ್ತರಿಯೇ ಅವರ ನಡುವಿನ ದೂರ. ಒಂದೇ ಚೌಕಟ್ಟಿಗೆ ತುರುಕಿದ್ದರೆ ಸ್ನೇಹ ಹುಟ್ಟುವ ಮೊದಲೇ ಅದನ್ನು ಘೋಷಿಸಿದಂತಾಗುತ್ತಿತ್ತು. ಎರಡು ಜೀವ ನಿಜಕ್ಕೂ ಒಂದಾಗುವುದು ಕೊನೆಯಲ್ಲಿ, ಕುದುರೆಯನ್ನು ಹಿಡಿಯಲು ಬೆನ್ನಟ್ಟುವ ದನಗಾಹಿಗಳಿಂದ ತಪ್ಪಿಸಿಕೊಂಡು ಸಮುದ್ರಕ್ಕೆ ಇಳಿದಾಗ. ಆಗ ಲಾಮೊರಿಸ್ ಇಬ್ಬರನ್ನೂ ಒಟ್ಟಿಗೇ ತೋರಿಸುತ್ತಾನೆ. ಮನುಷ್ಯರೂ ಕುದುರೆಗಳೂ ಗೆಳೆಯರಾಗಿರುವ ದ್ವೀಪಕ್ಕೆ ಹೋದರೆಂದು ನಿರೂಪಕನ ದನಿ ಸಮಾಧಾನ ಹೇಳುತ್ತದೆ. ಅಲೆಯ ಮೇಲಿನ ಎರಡು ತಲೆಗಳು ಬೇರೆಯದನ್ನೇ ಹೇಳುತ್ತವೆ. ಯಾವುದನ್ನು ನಂಬಬೇಕೆಂಬುದನ್ನು ಚಿತ್ರ ಮಗುವಿಗೇ ಬಿಡುತ್ತದೆ. ಬಲೂನಿನ ಚಿತ್ರದಲ್ಲಿ ಇಲ್ಲದ ಗೌರವ ಇದು.

ಆಮೇಲೆ ಲಾಮೊರಿಸ್ ಮೇಲಕ್ಕೇ ಹೋದ. ಹೆಲಿಕಾಪ್ಟರಿನಿಂದ ಅಲುಗದಂತೆ ಚಿತ್ರೀಕರಿಸುವ 'ಹೆಲಿವಿಷನ್' ರೂಪಿಸಿದ, 1960ರಲ್ಲಿ ಫ್ರಾನ್ಸನ್ನು ಆಕಾಶದಿಂದ ತೋರಿಸಿದ. ನೋಟ ವಿಸ್ತಾರವಾಯಿತು, ಕೆಸರು ದೂರವಾಯಿತು. 1970ರಲ್ಲಿ ಇರಾನಿನಲ್ಲಿ 'ದಿ ಲವರ್ಸ್ ವಿಂಡ್' ಚಿತ್ರೀಕರಿಸುವಾಗ ಹೆಲಿಕಾಪ್ಟರ್ ಬಿದ್ದು ತೀರಿಕೊಂಡ, ವಯಸ್ಸು 48. ಹೆಂಡತಿ, ಮಗ ಮುಗಿಸಿದ ಆ ಸಾಕ್ಷ್ಯಚಿತ್ರ 1978ರಲ್ಲಿ ತೆರೆಕಂಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಮಕ್ಕಳಿಗೆ ಲಾಮೊರಿಸ್‌ನ ಒಂದೇ ಚಿತ್ರ ತೋರಿಸುವುದಾದರೆ 'ವೈಟ್ ಮೇನ್' ತೋರಿಸಿ. ಮುಗಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಸಮಯವಿಟ್ಟುಕೊಳ್ಳಿ.